ಅಪ್‌ಡೇಟ್: ಪಾಚಿ ಟೋಪಿಯರಿ ಕೊನೆಗೂ ನೆಟ್ಟಗೆ ನಿಂತಿತು

ಪಾರ್ಟಿ ಟೇಬಲ್‌ಗಳ ಮೇಲೆ ನಡುವಿನಲ್ಲಿ ಇಡಲು ಪಾಚಿ ಚೆಂಡಿನ ಟೋಪಿಯರಿ (ಕುಂಡದಲ್ಲಿ ನಿಲ್ಲಿಸಿದ ಕಡ್ಡಿಯ ತುದಿಗೆ ಪಾಚಿ ಹೊದಿಸಿದ ಥರ್ಮಾಕೋಲ್ ಚೆಂಡು) ಮಾಡುತ್ತಿದ್ದೇನೆ, ಕುಂಡ ವಾಲುತ್ತಿದೆ, ಪಾಚಿ ಉದುರುತ್ತಿದೆ ಎಂದು ಕೇಳಿದ್ದೆ ಅಲ್ವಾ? ಹತ್ತೂ ಮುಗಿದವು. ಪಾರ್ಟಿಯೂ ಮುಗಿಯಿತು.

ವಾಲುವುದಕ್ಕೆ ಕಾರಣ ನೀವು ಹೇಳಿದ್ದೇ. ಕುಂಡಕ್ಕೆ ಬರೀ ಥರ್ಮಾಕೋಲ್ ತುಂಬಿ ಕಡ್ಡಿ ಚುಚ್ಚಿದ್ದೆ. ಈ ಸಲ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದೆ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ಸ್ವಲ್ಪ ಹಿಗ್ಗುತ್ತದೆ. ಕುಂಡ ಬಿರುಕು ಬಿಟ್ಟೀತೆಂದು ಒಳಗೊಂದು ಪ್ಲಾಸ್ಟಿಕ್ ಲೋಟ ಇಟ್ಟು ಅದಕ್ಕೇ ಹಾಕಿದೆ. ಕಡ್ಡಿ ನಿಲ್ಲುವವರೆಗೆ ಕೈಯಲ್ಲಿ ಹಿಡಿದು ಕೂತಿದ್ದೆ, ಮನೆಯವರೆಲ್ಲ ನಕ್ಕರು.

ಪಾಚಿ ಉದುರಿದ್ದು ಪೂರ್ತಿ ನನ್ನದೇ ತಪ್ಪು. ಮೆತ್ತಗಾಗಲಿ ಎಂದು ನೀರಲ್ಲಿ ನೆನೆಸಿ, ಒದ್ದೆ ಇರುವಾಗಲೇ ಗ್ಲೂ ಗನ್ ಹಿಡಿದಿದ್ದೆ. ಒದ್ದೆ ಪಾಚಿಗೆ ಬಿಸಿ ಅಂಟು ಹಿಡಿಯುವುದಿಲ್ಲ. ಈಗ ಸುಮ್ನೆ ನಾಲ್ಕು ಹನಿ ಚಿಮುಕಿಸಿ, ಬಗ್ಗುವಷ್ಟಾದ ಮೇಲೆ ಯು ಆಕಾರದ ಪಿನ್ ಚುಚ್ಚಿದೆ. ಒಣಗಿದ ನಂತರ ಅಂಚಿಗೆ ಮಾತ್ರ ಅಂಟು. ಗನ್ ಕಡಿಮೆ ಬಿಸಿಯದ್ದೇ ಇರಲಿ. ಬಿಸಿ ಜಾಸ್ತಿಯಾದರೆ ಥರ್ಮಾಕೋಲ್ ಕರಗಿ ಗುಳಿ ಬೀಳುತ್ತದೆ. ನನ್ನ ಎರಡು ಚೆಂಡು ಹಾಗೇ ಹೋದವು.

ಚೆಂಡಿಗೆ ಮೊದಲೇ ಹಸಿರು ಅಕ್ರಿಲಿಕ್ ಬಳಿಯಿರಿ ಎಂದವರಿಗೆ ದೊಡ್ಡ ಥ್ಯಾಂಕ್ಸ್! ಸಂದಿಯಲ್ಲಿ ಬಿಳಿ ಇಣುಕಲೇ ಇಲ್ಲ. ಸ್ಪ್ರೇ ಪೇಂಟ್ ಮಾತ್ರ ಬೇಡ, ಅದು ಥರ್ಮಾಕೋಲನ್ನೇ ತಿನ್ನುತ್ತದೆ.

ಎತ್ತರ 50 ಸೆಂ.ಮೀ. ಇತ್ತು. ಎದುರು ಕೂತವರ ಮುಖವೇ ಕಾಣುತ್ತಿರಲಿಲ್ಲ, 30ಕ್ಕೆ ಇಳಿಸಿದೆ.

ಒಂದು ಎಡವಟ್ಟು ಉಳಿಯಿತು. ಬಣ್ಣ ಹಾಕಿದ ಪಾಚಿಗೆ ಯಾರೋ ನೀರು ಚೆಲ್ಲಿದರು. ಬಿಳಿ ಮೇಜುಬಟ್ಟೆಯ ಮೇಲೆ ಹಸಿರು ಕಲೆ ಇನ್ನೂ ಹೋಗಿಲ್ಲ.