ಕಬ್ಬಿನ ಬಿಳಿ ಉಣ್ಣೆ ಹೇನಿನ ನಡುವೆ ಕಾಣುವ ಹಸಿರು ಹುಳು ಯಾವುದು?

ಪ್ರಶ್ನೆ (ಜಮಖಂಡಿ ತಾಲೂಕಿನ ರೈತ)
ಎಲ್ಲರಿಗೂ ಶರಣು. ಕೃಷ್ಣಾ ದಂಡೆಯ ನಮ್ಮ ಎರಡು ಎಕರೆ ಕಬ್ಬಿಗೆ ಬಿಳಿ ಉಣ್ಣೆ ಹೇನು ಹತ್ತಿದೆ. ಹೇನು ಎಲೆಯ ಕೆಳಬದಿಯಲ್ಲಿದ್ದು, ಅದರಿಂದ ಸುರಿದ ಅಂಟಿನ ಮೇಲೆ ಬೂಷ್ಟು ಬೆಳೆದು ಕೆಳಗಿನ ಎಲೆಗಳು ಕಪ್ಪಾಗಿವೆ. ಹೇನಿನ ನಡುವೆ ಬಲೆ ನೇಯ್ದುಕೊಂಡ, ಹಸಿರು ಬೆರೆತ ಬೂದು ಬಣ್ಣದ ಹುಳುಗಳೂ ಇವೆ. ಅವು ಎಲೆ ತಿನ್ನುವ ಹುಳುಗಳೆಂದು ಹೇಳಿ ಅಂಗಡಿಯವರು ಎರಡಕ್ಕೂ ಸೇರಿಸಿ ಔಷಧ ಕೊಟ್ಟಿದ್ದಾರೆ. ಸೋಗೆಯನ್ನು ಎಮ್ಮೆಗಳಿಗೆ ಹಾಕುವುದರಿಂದ ಹೊಡೆಯಲು ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ಹೇಳಬೇಕು.

ಉತ್ತರ 1 (ಗೋಕಾಕದವನು, ಕೀಟಶಾಸ್ತ್ರದ ವಿದ್ಯಾರ್ಥಿ)
ಅಣ್ಣನವರೇ, ಔಷಧದ ಡಬ್ಬಿಯನ್ನು ದಯವಿಟ್ಟು ತೆರೆಯಬೇಡಿ. ನಿಮ್ಮ ವಿವರಣೆ ಡೈಫಾ ಅಫಿಡಿವೋರಾ ಎಂಬ ಪತಂಗದ ಮರಿಹುಳುವಿಗೆ ಹೊಂದುತ್ತದೆ. ಪತಂಗಗಳ ಮರಿಹುಳುಗಳು ಹೆಚ್ಚಾಗಿ ಗಿಡವನ್ನೇ ತಿನ್ನುವುದರಿಂದ ಅಂಗಡಿಯವರು ತಪ್ಪು ತಿಳಿದಿರಬಹುದು. ಆದರೆ ಇದು ಎಲೆಯನ್ನು ಬಿಟ್ಟು ಹೇನನ್ನೇ ತಿಂದು ಬೆಳೆದು, ಅಲ್ಲಿಯೇ ಗೂಡು ಕಟ್ಟಿ ಕೋಶವಾಗುತ್ತದೆ. ಕಂದು ರೆಕ್ಕೆಗಳನ್ನು ಮನೆಯ ಮಾಡಿನಂತೆ ಮಡಚಿ ಕೂರುವ ಮೈಕ್ರೋಮಸ್ ಕೀಟವನ್ನೂ ಹುಡುಕಿ. ಅದರ ಮರಿ ಮತ್ತು ಪ್ರೌಢ ಕೀಟ ಎರಡಕ್ಕೂ ಹೇನೇ ಆಹಾರ.

ಹೆಣ್ಣು ಹೇನು ಗಂಡಿನ ಹಂಗಿಲ್ಲದೆ, ಮೊಟ್ಟೆಯನ್ನೂ ಇಡದೆ ನೇರವಾಗಿ ಮರಿ ಹಾಕುವುದರಿಂದ, ಸಿಂಪಡಣೆಯಲ್ಲಿ ಉಳಿದ ಕೆಲವೇ ಹೇನುಗಳು ಬೇಗ ಮತ್ತೆ ಹಬ್ಬುತ್ತವೆ. ಡೈಫಾ ಮಾತ್ರ ಮೊಟ್ಟೆ, ಹುಳು, ಕೋಶ ಎಂಬ ಹಂತಗಳನ್ನೆಲ್ಲ ದಾಟಬೇಕಾದ್ದರಿಂದ, ಒಮ್ಮೆ ಸತ್ತರೆ ಹೇನಿನಷ್ಟು ಬೇಗ ಮರಳುವುದಿಲ್ಲ.

ಉತ್ತರ 2 (ಅಥಣಿ)
ತಮ್ಮಾ, ಸರಿಯಾಗಿ ಹೇಳಿದಿರಿ. 2002ರಲ್ಲಿ ಮಹಾರಾಷ್ಟ್ರದಲ್ಲಿ ಉಲ್ಬಣಿಸಿದ ಈ ಪೀಡೆ ನಮ್ಮ ಭಾಗಕ್ಕೂ ಹಬ್ಬಿದಾಗ ನಾನೂ ಮೂರು ಸಲ ಔಷಧ ಹೊಡೆಸಿದ್ದೆ. ಆಳೆತ್ತರ ಮೀರಿದ ಕಬ್ಬಿನೊಳಗೆ ಆಳು ನುಗ್ಗುವುದೇ ಕಷ್ಟ, ಎಲೆಯ ಕೆಳಬದಿಗೆ ಹನಿ ತಲುಪುವುದು ಇನ್ನೂ ಕಷ್ಟ. ಹೇನು ಉಳಿಯಿತು, ಅದನ್ನು ತಿನ್ನುವವು ಹೋದವು.

ಉತ್ತರ 3 (ಮುಧೋಳ)
ನನ್ನ ಹೊಲದಲ್ಲಿ ಹೇನು ಮಾತ್ರ ಇದೆ, ಹುಳುವಿಲ್ಲ. ನಾನು ಯಾವುದನ್ನು ನಂಬಿ ಕಾಯಲಿ?

ಉತ್ತರ 4 (ಗೋಕಾಕದವನು)
ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಹುಳುವಿರುವ ಹೊಲದಿಂದ, ಹೇನು ಬಹುತೇಕ ಖಾಲಿಯಾಗಿ ಡೈಫಾದ ಗೂಡುಗಳು ಉಳಿದಿರುವ ಎಲೆತುಂಡುಗಳನ್ನು ಕತ್ತರಿಸಿ ತಂದು, ಹೇನು ಹತ್ತಿದ ಎಲೆಗಳಿಗೆ ಸಿಕ್ಕಿಸಿರಿ. ಅದಾದ ಮೇಲೆ ಸಿಂಪಡಣೆ ಬೇಡ.

ಪ್ರಶ್ನೆ ಕೇಳಿದವರು
ಇಂದು ಬೆಳಿಗ್ಗೆ ಮೂಡಣ ಬದಿಯಲ್ಲಿ ಹತ್ತು ಎಲೆ ತಿರುಗಿಸಿ ನೋಡಿದೆ, ಆರರಲ್ಲಿ ಗೂಡುಗಳಿವೆ. ಮುಧೋಳದ ಅಣ್ಣನವರು ಸಂಜೆ ಬಂದರೆ ಅವರಿಗೂ ಕೊಯ್ದು ಕೊಡುತ್ತೇನೆ.