ಸಹಾಯ ಬೇಕು: ನರಮಂಡಲದ ಮಾಡೆಲ್, ಬೆನ್ನುಹುರಿ ಎಲ್ಲಿಗೆ ನಿಲ್ಲಿಸಲಿ?

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸು. ಶಾಲೆಯ ವಿಜ್ಞಾನ ಮೇಳಕ್ಕೆ ಇಬ್ಬರೂ ಸೇರಿ ನರಮಂಡಲದ ಮಾಡೆಲ್ ಮಾಡುತ್ತಿದ್ದೇವೆ. ಅಂದರೆ ನಾನು ಮಾಡುತ್ತಿದ್ದೇನೆ, ಅವಳು ನೋಡುತ್ತಿದ್ದಾಳೆ.

ಥರ್ಮಾಕೋಲಿನ ಮಿದುಳು ಮುಗಿಯಿತು. ಮಿದುಳಿನಿಂದ ನೇರವಾಗಿ ಹೊರಡುವ 12 ಜೋಡಿ ನರಗಳಿಗೆ ಹಳದಿ ವೈರ್ ಸಿಕ್ಕಿಸಿದ್ದಾಯಿತು. ಬೆನ್ನುಹುರಿಗೆ ಕಿರುಬೆರಳು ದಪ್ಪದ ಹಗ್ಗ, ಬೆನ್ನುಮೂಳೆಗೆ ಬಾಟಲಿ ಮುಚ್ಚಳ. ಹಗ್ಗದಿಂದ 31 ಜೋಡಿ ಕೆಂಪು ವೈರ್: ಕತ್ತಿನಲ್ಲಿ 8, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗೆ 5, ಕೊನೆಗೆ 1.

ಕತ್ತಿನಲ್ಲಿ ಮೂಳೆ 7, ನರ 8 ಜೋಡಿ! ಅದಕ್ಕೇ ಒಂದು ಸಂಜೆ ಹೋಯಿತು. ಮೊದಲ 7 ಜೋಡಿ ತಮ್ಮ ಮೂಳೆಯ ಮೇಲಿನಿಂದ ಬರುತ್ತವೆ, ಎಂಟನೆಯದು ಏಳನೇ ಮೂಳೆಯ ಕೆಳಗಿನಿಂದ. ಅಲ್ಲಿಂದ ಮುಂದೆ ಎಲ್ಲವೂ ಕೆಳಗಿನಿಂದಲೇ. ಇದು ಸರಿಹೋಯಿತು.

ಈಗಿನ ತಲೆನೋವು ಬೇರೆ. ಹಗ್ಗವನ್ನು ಬಾಲದ ಮೂಳೆವರೆಗೂ ಎಳೆದು ಅಂಟಿಸಿಬಿಟ್ಟೆ. ಪಕ್ಕದ ಮನೆಯ ನರ್ಸ್ ಅಕ್ಕ ನೋಡಿ ನಕ್ಕರು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದಂತೆ. ಅಲ್ಲಿಂದ ಕೆಳಗೆ ಬರೀ ನರಗಳು, ಕುದುರೆ ಬಾಲದ ಹಾಗೆ. ಪುಸ್ತಕ ತೆಗೆದು ನೋಡಿದೆ, ಹೌದು.

ಗೊತ್ತಿರುವವರು ಹೇಳಿ: ಕೆಳಗಿನ ವೈರ್‌ಗಳನ್ನೆಲ್ಲ ಹಗ್ಗದ ತುದಿಗೇ ಕಟ್ಟಲಾ, ಸ್ವಲ್ಪ ಮೇಲಿನಿಂದ ಓರೆಯಾಗಿ ಇಳಿಸಲಾ? ಎದೆಯ ಭಾಗದಲ್ಲೂ ಓರೆ ಬೇಕಾ? ಅಂಟಿದ ಫೆವಿಕಾಲ್ ಥರ್ಮಾಕೋಲ್ ಹಾಳಾಗದಂತೆ ಬಿಡಿಸೋದು ಹೇಗೆ ಅಂತಲೂ ಹೇಳಿ. ಸೋಮವಾರ ಮೇಳ.