ಆರೋಗ್ಯದ ಆ್ಯಪ್ ಅನ್ನು ಜನ ನಡುವೆಯೇ ಏಕೆ ಕೈಬಿಡುತ್ತಾರೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ (ಪುಣೆ): ನಡಿಗೆ, ಊಟ ಮತ್ತು ರಕ್ತದ ಸಕ್ಕರೆಯ ಲೆಕ್ಕ ಇಡುವ ಆ್ಯಪ್ ಒಂದನ್ನು ನಾವು ಕೆಲವು ಗೆಳೆಯರು ಸೇರಿ ರೂಪಿಸುತ್ತಿದ್ದೇವೆ. ಮೊದಲು ಉತ್ಸಾಹದಿಂದ ಬಳಸಿದವರು ಕೆಲವೇ ವಾರಗಳಲ್ಲಿ ಬಿಟ್ಟುಬಿಡುತ್ತಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬಾಣೇರ್, ಪುಣೆ, ಆ್ಯಪ್ ವಿನ್ಯಾಸಕ): ಗುರಿಯನ್ನು ಹೇಗೆ ಇಟ್ಟಿದ್ದೀರಿ ಎಂಬುದನ್ನು ಮೊದಲು ನೋಡಿಕೊಳ್ಳಿ. ದಿನಕ್ಕೆ 10,000 ಹೆಜ್ಜೆ ಎಂಬ ಲೆಕ್ಕ ವೈದ್ಯಕೀಯ ಸಂಶೋಧನೆಯಿಂದ ಬಂದದ್ದಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟವಾದ ಹೆಜ್ಜೆ ಎಣಿಸುವ ಸಾಧನವೊಂದರ ಪ್ರಚಾರದಿಂದ ಹಬ್ಬಿದ್ದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ವಾರದ ಲೆಕ್ಕ ಇಟ್ಟರೆ, ಜುಲೈ ಮಳೆಯಲ್ಲಿ ಎರಡು ದಿನ ಮನೆಯಿಂದ ಹೊರಬೀಳಲಾಗದವರೂ ಉಳಿದ ದಿನಗಳಲ್ಲಿ ಸರಿದೂಗಿಸಿಕೊಳ್ಳುತ್ತಾರೆ. ದಿನದ ಲೆಕ್ಕದಲ್ಲಾದರೋ ಒಂದು ದಿನ ತಪ್ಪಿದರೆ ಅಷ್ಟು ಕಾಲದ ಸಾಧನೆ ಸೊನ್ನೆಯಾಗಿ, ಮತ್ತೆ ತೊಡಗುವ ಮನಸ್ಸೇ ಉಳಿಯುವುದಿಲ್ಲ. ಆರೋಗ್ಯದ ಆ್ಯಪ್ ಅನ್ನು ಬಳಸುವವರ ಕೆಟ್ಟ ದಿನಕ್ಕೆ ತಕ್ಕಂತೆ ರೂಪಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ (ಡೊಂಬಿವಲಿ): ನಾನು ವಿನ್ಯಾಸ ಬಲ್ಲವಳಲ್ಲ, ಮಧುಮೇಹ ಇರುವವಳು. ಬೆಳಿಗ್ಗೆ ಬೆರಳು ಚುಚ್ಚಿ, ಗ್ಲುಕೋಮೀಟರ್‌ನಲ್ಲಿ ಬಂದ ಸಕ್ಕರೆಯ ಅಂಕಿ 182 (ಮಿ.ಗ್ರಾಂ/ಡೆ.ಲೀ.) ಅನ್ನು ತುಂಬಲು ಹೋದರೆ ನಾನು ಬಳಸುತ್ತಿದ್ದ ಆ್ಯಪ್ ಮೊದಲು ಜಾಹೀರಾತು ತೋರಿಸಿ, ಆಮೇಲೆ ತೂಕ ಕೇಳಿ, ಕೊನೆಗೆ ದಿನಾಂಕ ಆರಿಸಲು ಹೇಳುತ್ತಿತ್ತು. ಒಂದು ಕೈಯ ಬೆರಳಿಗೆ ಹತ್ತಿ ಒತ್ತಿಕೊಂಡು ಇನ್ನೊಂದು ಕೈಯ ಹೆಬ್ಬೆರಳಿನಲ್ಲೇ ಇಷ್ಟೆಲ್ಲ ಮಾಡಬೇಕು. ತೆರೆದ ಕೂಡಲೇ ದೊಡ್ಡ ಅಂಕಿಗಳು ಕಾಣಲಿ, ಸಮಯ ತಾನಾಗಿಯೇ ತುಂಬಿರಲಿ, ‘ಖಾಲಿ ಹೊಟ್ಟೆ’ ಮತ್ತು ‘ಊಟದ ನಂತರ’ ಎಂಬ ಎರಡು ಗುಂಡಿಗಳಿರಲಿ, ಅಷ್ಟು ಸಾಕು. 182ಕ್ಕೆ ಪರದೆಯೆಲ್ಲ ಕೆಂಪಾಗಿಸಿ ಹೆದರಿಸಬೇಡಿ, ಹೆದರಿದವರು ಮರುದಿನ ಅಂಕಿಯನ್ನೇ ತುಂಬುವುದಿಲ್ಲ. ಆದರೆ 70ಕ್ಕಿಂತ ಕೆಳಗಿಳಿದರೆ ಸುಮ್ಮನಿರಲೂಬಾರದು: ಕೂಡಲೇ 15 ಗ್ರಾಂನಷ್ಟು ಗ್ಲೂಕೋಸ್ ಅಥವಾ ಸಕ್ಕರೆ ತೆಗೆದುಕೊಂಡು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ ಎಂದು ದಪ್ಪಕ್ಷರದಲ್ಲಿ ಹೇಳಲೇಬೇಕು.

ಉತ್ತರ (ಮಡಗಾಂವ್, ಆಹಾರ ತಜ್ಞೆ): ಊಟದ ಪಟ್ಟಿಯನ್ನು ಇಲ್ಲಿನ ಅಡುಗೆಮನೆ ನೋಡಿ ಮಾಡಿ. ಜೋಳದ ರೊಟ್ಟಿ, ಗಂಜಿ, ಮೀನು ಸಾರು, ಪಾವ್ ಸಿಗದಿದ್ದರೆ ಜನ ಹತ್ತಿರದ್ದೇನನ್ನೋ ಒತ್ತಿಬಿಡುತ್ತಾರೆ, ಆ ಲೆಕ್ಕ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಅಳತೆಯೂ ಗ್ರಾಂನಲ್ಲಿ ಬೇಡ. ರೊಟ್ಟಿ ಎಷ್ಟು, ಸೌಟು ಎಷ್ಟು ಎಂದೇ ಕೇಳಿ.

ಉತ್ತರ (ಬಾಣೇರ್): ಡೊಂಬಿವಲಿಯ ಅಕ್ಕನವರು ಹೇಳಿದ ಗುಂಡಿಗಳ ಬಗ್ಗೆ ಒಂದು ಮಾತು. ಆಂಡ್ರಾಯ್ಡ್‌ನಲ್ಲಿ ಅವು ಕನಿಷ್ಠ 48 ಡಿಪಿ (ಪರದೆಯ ಮೇಲಿನ ಗಾತ್ರದ ಅಳತೆ) ಇರಲಿ, ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ 4.5:1ರಷ್ಟಾದರೂ ವ್ಯತ್ಯಾಸವಿರಲಿ. ಸ್ಥಳದ ಅನುಮತಿಯನ್ನು ಆ್ಯಪ್ ತೆರೆದ ತಕ್ಷಣ ಕೇಳದೆ, ನಡಿಗೆಯ ದಾರಿ ದಾಖಲಿಸುವಾಗ ಮಾತ್ರ ಕೇಳಿ.

ಉತ್ತರ (ಡೊಂಬಿವಲಿ): ಇನ್ನೊಂದು ವಿಷಯ ಬಿಟ್ಟುಹೋಗಿತ್ತು. ಕಿಕ್ಕಿರಿದ ಲೋಕಲ್ ರೈಲಿನಲ್ಲಿ ‘ನಿಮ್ಮ ಸಕ್ಕರೆ ಹೆಚ್ಚಾಗಿದೆ’ ಎಂಬ ಸೂಚನೆ ಲಾಕ್ ಆಗಿರುವ ಪರದೆಯ ಮೇಲೆ ಬಂದರೆ ಪಕ್ಕದಲ್ಲಿ ನಿಂತವರೆಲ್ಲ ಓದುತ್ತಾರೆ. ಅಲ್ಲಿ ‘ಒಂದು ಸೂಚನೆ ಇದೆ’ ಎಂದಷ್ಟೇ ಬರಲಿ, ಉಳಿದದ್ದು ನಾನು ತೆರೆದಾಗ ಕಾಣಲಿ.